ಆಲಯವೂ ಮನೆಯೂ: ಯೆಹೂದ್ಯರ ಆರಾಧನೆ ಹಾಗೂ ಆಚಾರಗಳು

(ಧರ್ಮಕೇಂದ್ರದ ಶತಮಾನೋತ್ಸವದ ಅಂಗವಾಗಿ ನೀಡಿದ ಉಪನ್ಯಾಸದ ಪಾಠ)



ನಮ್ಮ ದೇವಾಲಯಕ್ಕೆ ನೂರು ವರ್ಷ ತುಂಬಿದ ಈ ಶುಭ ಸಂದರ್ಭದಲ್ಲಿ ಯೆಹೂದ್ಯರ ಆರಾಧನೆಯನ್ನು ಕುರಿತು ಮಾತನಾಡಲು ಹೊರಟಿರುವುದು ನಿಮ್ಮಲ್ಲಿ ಕೆಲವರಿಗೆ ಆಶ್ಚರ್ಯವನ್ನುಂಟುಮಾಡಬಹುದು. ಆದರೆ ಈ ಬಲಿಪೀಠದ ಮೇಲೆ ನಾವು ಆರಾಧಿಸುವ ಪ್ರಭು ಯೇಸು ಹುಟ್ಟಿನಿಂದ ಯೆಹೂದ್ಯರು. ಎಂಟನೆಯ ದಿನ ಅವರಿಗೆ ಸುನ್ನತಿಯಾಯಿತು. ಮರಿಯ ಜೋಸೆಫರು ಅವರನ್ನು ಜೆರುಸಲೇಮಿನ ದೇವಾಲಯದಲ್ಲಿ ಕಾಣಿಕೆಯಾಗಿ ಒಪ್ಪಿಸಿದರು. ಹನ್ನೆರಡನೆಯ ವಯಸ್ಸಿನಲ್ಲಿ ಅವರು ಪಾಸ್ಕಹಬ್ಬಕ್ಕೆ ಯಾತ್ರೆ ಹೋದರು. ಸಬ್ಬತ್ ದಿನದಂದು ಪ್ರಾರ್ಥನಾಮಂದಿರಕ್ಕೆ ಹೋಗುವುದು ಅವರ ವಾಡಿಕೆಯಾಗಿತ್ತೆಂದು ಸಂತ ಲೂಕರು ಬರೆದಿದ್ದಾರೆ. ಆದುದರಿಂದ ಯೇಸುಸ್ವಾಮಿ ಹೇಗೆ ಪ್ರಾರ್ಥಿಸಿದರೆಂದು ತಿಳಿಯಬಯಸುವವನು ಯೆಹೂದ್ಯರ ಪ್ರಾರ್ಥನೆಯನ್ನು ಅರಿಯಲೇಬೇಕು.

ಶತಮಾನೋತ್ಸವಕ್ಕೆ ಒಪ್ಪುವ ಮತ್ತೊಂದು ಕಾರಣವೂ ಉಂಟು. ಕ್ರಿ.ಶ. 70ರಲ್ಲಿ ತೀತನ ನೇತೃತ್ವದ ರೋಮನ್ ಸೇನೆ ಜೆರುಸಲೇಮಿನ ದೇವಾಲಯವನ್ನು ಸುಟ್ಟು ಕೆಡವಿತು. ಬಲಿಯರ್ಪಣೆ ನಿಂತಿತು. ಯಾಜಕರಿಗೆ ಸೇವೆಯೇ ಇಲ್ಲದಾಯಿತು. ಒಂದೇ ಆಲಯವನ್ನು ತಮ್ಮ ಆರಾಧನೆಯ ಹೃದಯವೆಂದು ನಂಬಿದ್ದ ಜನಾಂಗದ ಧರ್ಮ ಅಂದಿಗೇ ಅಳಿಯಬೇಕಾಗಿತ್ತು, ಅಳಿಯಲಿಲ್ಲ. ಆಲಯವಿಲ್ಲದೆ ಹತ್ತೊಂಬತ್ತು ಶತಮಾನಗಳಿಗೂ ಮಿಗಿಲಾಗಿ ಅದು ಬಾಳಿದೆ. ಹೇಗೆ ಬಾಳಿತು? ಆಲಯದಲ್ಲಿದ್ದ ಪಾವಿತ್ರ್ಯವನ್ನು ಅವರು ಊರಿನ ಪ್ರಾರ್ಥನಾಮಂದಿರಕ್ಕೂ, ಮುಖ್ಯವಾಗಿ ತಮ್ಮ ಮನೆಯ ಊಟದ ಮೇಜಿಗೂ ತಂದುಕೊಂಡರು. ಇಂದು ನಾನು ನಿಮ್ಮ ಮುಂದಿಡಬಯಸುವ ವಿಷಯ ಇದೇ.

ಪ್ರಾರ್ಥನಾಮಂದಿರ

ಜೆರುಸಲೇಮಿನ ದೇವಾಲಯವನ್ನೂ ಪ್ರಾರ್ಥನಾಮಂದಿರವನ್ನೂ ಒಂದೇ ಎಂದು ಭಾವಿಸಬಾರದು. ದೇವಾಲಯ ಬಲಿಯರ್ಪಣೆಯ ಸ್ಥಳ. ಪ್ರಾರ್ಥನಾಮಂದಿರ ಧರ್ಮಗ್ರಂಥದ ವಾಚನ, ಪ್ರಾರ್ಥನೆ ಮತ್ತು ಬೋಧನೆಗಳ ಸ್ಥಳ. ಬಲಿಗೆ ಯಾಜಕನು ಬೇಕು. ಪ್ರಾರ್ಥನಾಮಂದಿರದ ಸಾಮೂಹಿಕ ಪ್ರಾರ್ಥನೆಗಾದರೋ ವಯಸ್ಕರಾದ ಹತ್ತು ಮಂದಿ ನೆರೆದರೆ ಸಾಕು. ಈ ಕೂಟಕ್ಕೆ 'ಮಿನ್ಯಾನ್' ಎಂದು ಹೆಸರು. ಸಂಪ್ರದಾಯನಿಷ್ಠರು ಪುರುಷರನ್ನು ಮಾತ್ರ ಎಣಿಸುತ್ತಾರೆ. ಸುಧಾರಣಾವಾದಿ ಪಂಗಡಗಳಲ್ಲಿ ಇಂದು ಸ್ತ್ರೀಯರನ್ನೂ ಎಣಿಸುವುದುಂಟು. ರಬ್ಬಿ ಎಂದರೆ ಧರ್ಮಶಾಸ್ತ್ರವನ್ನು ಬಲ್ಲ ಗುರು, ಆತನು ಯಾಜಕನಲ್ಲ.

ಮಂದಿರದಲ್ಲಿ ಪ್ರಾರ್ಥಿಸುವವರು ಜೆರುಸಲೇಮಿನ ದಿಕ್ಕಿಗೆ ಮುಖಮಾಡುತ್ತಾರೆ. ಆ ದಿಕ್ಕಿನ ಗೋಡೆಯ ಬಳಿ ಪರದೆ ಮುಚ್ಚಿದ ಪವಿತ್ರ ಮಂಜೂಷವಿದೆ. ಅದರ ಮುಂದೆ ಸದಾ ಉರಿಯುವ ದೀಪವೊಂದಿದೆ. ಪರಮಪ್ರಸಾದದ ಪೆಟ್ಟಿಗೆಯನ್ನೂ ಅದರ ಬಳಿಯ ಕೆಂಪು ದೀಪವನ್ನೂ ಕಂಡು ಬೆಳೆದ ನಮಗೆ ಈ ದೃಶ್ಯ ಅಪರಿಚಿತವೆನಿಸದು. ಆದರೆ ಆ ಮಂಜೂಷದೊಳಗೆ ಇರುವುದು 'ತೋರಾ', ಅಂದರೆ ಮೋಶೆಯ ಪಂಚಗ್ರಂಥಗಳ ಸುರುಳಿ. ಮಂದಿರದಲ್ಲಿ ಪೂಜಿಸುವ ವಿಗ್ರಹವಾಗಲಿ ಚಿತ್ರವಾಗಲಿ ಇರುವುದಿಲ್ಲ.

ಈ ಸುರುಳಿಯನ್ನು ಅವರು ಕಾಣುವ ಭಕ್ತಿ ಗಮನಾರ್ಹವಾದುದು. ಶುದ್ಧವೆನಿಸಿದ ಪ್ರಾಣಿಯ ಚರ್ಮದ ಹಾಳೆಗಳ ಮೇಲೆ ತರಬೇತಿ ಪಡೆದ ಲಿಪಿಕಾರನು ಅದನ್ನು ಕೈಯಿಂದಲೇ ಬರೆಯಬೇಕು. ಅದರಲ್ಲಿರುವ ಅಕ್ಷರಗಳ ಸಂಖ್ಯೆ 3,04,805. ಒಂದೇ ಒಂದು ಅಕ್ಷರ ಬಿಟ್ಟುಹೋದರೂ, ತಿದ್ದುವವರೆಗೆ ಆ ಸುರುಳಿ ವಾಚನಕ್ಕೆ ಯೋಗ್ಯವಲ್ಲ. ಓದುವಾಗ ಬರಿಯ ಬೆರಳನ್ನು ಅಕ್ಷರಗಳಿಗೆ ತಾಕಿಸುವುದಿಲ್ಲ; ಪುಟ್ಟ ಕೈಯ ಆಕಾರವುಳ್ಳ ಬೆಳ್ಳಿಯ ಕಡ್ಡಿಯಿಂದ ಸಾಲನ್ನು ತೋರಿಸುತ್ತಾ ಓದುತ್ತಾರೆ. ಸುರುಳಿಗೆ ರೇಷ್ಮೆ ಅಥವಾ ಮಕಮಲ್ಲಿನ ಹೊದಿಕೆ ಹೊದಿಸಿ ಕಿರೀಟವನ್ನಿಡುವ ವಾಡಿಕೆಯಿದೆ. ಪೂರ್ವದೇಶದ ಯೆಹೂದ್ಯರಲ್ಲಿ ಮರದ ಅಥವಾ ಲೋಹದ ಸಂಪುಟದಲ್ಲಿ ಇಡುತ್ತಾರೆ. ವಾರಕ್ಕೊಂದು ಭಾಗದಂತೆ ಒಂದು ವರ್ಷದಲ್ಲಿ ಪಂಚಗ್ರಂಥಗಳ ವಾಚನ ಮುಗಿಯುತ್ತದೆ. ಮುಗಿದ ದಿನವೇ ಮತ್ತೆ ಸೃಷ್ಟಿಯ ಕಥೆಯಿಂದ ಆರಂಭಿಸುತ್ತಾರೆ. ಆ ದಿನ ಸುರುಳಿಗಳನ್ನು ಎತ್ತಿಕೊಂಡು ಮಂದಿರದೊಳಗೆ ಕುಣಿಯುತ್ತಾರೆ. ಮೋಶೆಯ ಗ್ರಂಥದ ನಂತರ ಪ್ರವಾದಿಗಳ ಗ್ರಂಥದಿಂದ ಒಂದು ಭಾಗವನ್ನು ಓದುವ ಪದ್ಧತಿಯಿದೆ. ನಜರೇತಿನಲ್ಲಿ ಯೇಸುಸ್ವಾಮಿ ಯೆಶಾಯನ ಸುರುಳಿಯನ್ನು ಬಿಚ್ಚಿ ಓದಿದ್ದು ಇಂತಹ ಆರಾಧನೆಯಲ್ಲಿಯೇ. ನಮ್ಮ ಬಲಿಪೂಜೆಯ ಮೊದಲರ್ಧವಾದ ದೈವವಾಕ್ಯದ ಆರಾಧನೆ ಈ ಬೇರಿನಿಂದಲೇ ಚಿಗುರಿದೆ.

ಮೈಮೇಲೆ, ಬಾಗಿಲ ಮೇಲೆ

ಧರ್ಮನಿಷ್ಠ ಯೆಹೂದ್ಯನು ದಿನಕ್ಕೆ ಮೂರು ಬಾರಿ ಪ್ರಾರ್ಥಿಸುತ್ತಾನೆ. ದೇವರು ಒಬ್ಬರೇ, ಅವರನ್ನು ಪೂರ್ಣ ಹೃದಯದಿಂದ ಪ್ರೀತಿಸಬೇಕು ಎಂದು ಸಾರುವ 'ಶೆಮಾ' ಪ್ರಾರ್ಥನೆಯನ್ನು ಬೆಳಿಗ್ಗೆಯೂ ರಾತ್ರಿಯೂ ಹೇಳುತ್ತಾನೆ. ಎಲ್ಲಕ್ಕಿಂತ ಶ್ರೇಷ್ಠವಾದ ಆಜ್ಞೆ ಯಾವುದೆಂದು ಕೇಳಿದಾಗ ನಮ್ಮ ಪ್ರಭು ಉತ್ತರವಾಗಿ ಹೇಳಿದ್ದು ಈ ಪ್ರಾರ್ಥನೆಯ ಮಾತುಗಳನ್ನೇ. ಮರಣಶಯ್ಯೆಯಲ್ಲಿರುವ ಯೆಹೂದ್ಯನ ಕೊನೆಯ ಪ್ರಾರ್ಥನೆಯೂ ಇದೇ ಆಗಿರಬೇಕೆಂಬುದು ಪರಂಪರೆ.

ಇದೇ ವಾಕ್ಯಗಳನ್ನು ಬರೆದ ಚರ್ಮದ ತುಣುಕುಗಳುಳ್ಳ ಎರಡು ಪುಟ್ಟ ಕಪ್ಪು ಪೆಟ್ಟಿಗೆಗಳನ್ನು ವಾರದ ದಿನಗಳ ಬೆಳಗಿನ ಪ್ರಾರ್ಥನೆಯಲ್ಲಿ ಚರ್ಮದ ಪಟ್ಟಿಗಳಿಂದ ಕಟ್ಟಿಕೊಳ್ಳುತ್ತಾರೆ. ಒಂದನ್ನು ಹೃದಯಕ್ಕೆ ಸಮೀಪವಾದ ಎಡತೋಳಿಗೂ ಇನ್ನೊಂದನ್ನು ಹಣೆಯ ಮೇಲೂ ಧರಿಸುತ್ತಾರೆ. ಮೂಲೆಗಳಲ್ಲಿ ಗಂಟು ಹಾಕಿದ ಗೊಂಡೆಗಳಿರುವ ಶಾಲನ್ನು ಹೊದೆಯುತ್ತಾರೆ. ಮನೆಯ ಬಾಗಿಲಿನ ಬಲಗಡೆಯ ನಿಲುವಿಗೆ ಅದೇ ವಾಕ್ಯಗಳುಳ್ಳ ಚಿಕ್ಕ ಕರಂಡವನ್ನು ಬಡಿದಿರುತ್ತಾರೆ. ಒಳಬರುವಾಗಲೂ ಹೊರಹೋಗುವಾಗಲೂ ಅದನ್ನು ಮುಟ್ಟಿ ಬೆರಳಿಗೆ ಮುತ್ತಿಡುವವರುಂಟು. ಬಾಗಿಲ ಬಳಿಯ ತೀರ್ಥದಲ್ಲಿ ಬೆರಳದ್ದಿ ಶಿಲುಬೆಯ ಗುರುತು ಹಾಕುವ ನಮಗೆ ಇದರ ಅರ್ಥವನ್ನು ವಿವರಿಸಬೇಕಾಗಿಲ್ಲ.

ಸಬ್ಬತ್ ದಿನ

ಯೆಹೂದ್ಯರ ಪವಿತ್ರ ದಿನಗಳಲ್ಲಿ ಶಿರೋಮಣಿಯೆನಿಸಿದ್ದು ವಾರವಾರವೂ ಬರುವ ಸಬ್ಬತ್. ಶುಕ್ರವಾರದ ಸೂರ್ಯಾಸ್ತಕ್ಕೆ ಆರಂಭವಾಗಿ ಶನಿವಾರ ರಾತ್ರಿ ನಕ್ಷತ್ರಗಳು ಕಾಣಿಸಿಕೊಂಡಾಗ ಅದು ಮುಗಿಯುತ್ತದೆ. ಸೂರ್ಯ ಮುಳುಗುವ ಮುನ್ನ ಮನೆಯೊಡತಿ ಎರಡು ದೀಪಗಳನ್ನು ಹೊತ್ತಿಸಿ, ಕೈಗಳಿಂದ ಕಣ್ಣು ಮುಚ್ಚಿಕೊಂಡು ಸ್ತುತಿ ಹೇಳುತ್ತಾಳೆ. ಅಲ್ಲಿಗೆ ಸಬ್ಬತ್ ಆರಂಭವಾಯಿತು. ತಂದೆ ತಾಯಿ ಮಕ್ಕಳ ತಲೆಯ ಮೇಲೆ ಕೈಯಿಟ್ಟು ಆಶೀರ್ವದಿಸುತ್ತಾರೆ. ಗೃಹಿಣಿಯನ್ನು ಕೊಂಡಾಡುವ ಜ್ಞಾನೋಕ್ತಿಗಳ ಕೊನೆಯ ಅಧ್ಯಾಯವನ್ನು ಪತಿ ಹಾಡುತ್ತಾನೆ. ದ್ರಾಕ್ಷಾರಸದ ಪಾತ್ರೆಯನ್ನೆತ್ತಿ ಆ ದಿನವನ್ನು ಪವಿತ್ರಗೊಳಿಸುವ ಪ್ರಾರ್ಥನೆ ಹೇಳಿದ ಮೇಲೆ ವಸ್ತ್ರ ಮುಚ್ಚಿದ ಎರಡು ರೊಟ್ಟಿಗಳನ್ನು ಆಶೀರ್ವದಿಸಿ ಮುರಿದು ಹಂಚುತ್ತಾನೆ. ಎರಡು ರೊಟ್ಟಿ ಏಕೆಂದರೆ, ಮರುಭೂಮಿಯಲ್ಲಿ ಸಬ್ಬತ್ತಿನ ಹಿಂದಿನ ದಿನ ಮನ್ನ ಎರಡು ಪಾಲು ಸಿಕ್ಕಿತ್ತು.

ರೊಟ್ಟಿ ಹಾಗೂ ದ್ರಾಕ್ಷಾರಸಗಳನ್ನು ಕೊಟ್ಟ ಸೃಷ್ಟಿಕರ್ತರನ್ನು ಕೊಂಡಾಡುವ ಈ ಸ್ತೋತ್ರಗಳ ಮಾದರಿಯಲ್ಲಿಯೇ ನಮ್ಮ ಪೂಜೆಯ ಕಾಣಿಕೆ ಅರ್ಪಣೆಯ ಪ್ರಾರ್ಥನೆಗಳು ರಚಿತವಾಗಿವೆ. 1970ರಲ್ಲಿ ಪ್ರಕಟವಾದ ರೋಮನ್ ಪೂಜಾಗ್ರಂಥದಿಂದ ಇವು ಬಳಕೆಗೆ ಬಂದವು. ಪ್ರತಿ ಭಾನುವಾರ ಗುರುಗಳು ರೊಟ್ಟಿಯ ತಟ್ಟೆಯನ್ನೆತ್ತಿ ಪ್ರಾರ್ಥಿಸುವಾಗ ಯೆಹೂದ್ಯರ ಮನೆಯ ಮೇಜಿನ ದನಿಯನ್ನು ನಾವು ಕೇಳುತ್ತಿದ್ದೇವೆ.

ಸಬ್ಬತ್ತಿನಂದು ವರ್ಜಿಸಬೇಕಾದ ಕೆಲಸಗಳನ್ನು ರಬ್ಬಿಗಳು 39 ಬಗೆಯಾಗಿ ಎಣಿಸಿದ್ದಾರೆ. ಉಳುವುದು, ಬಿತ್ತುವುದು, ನೇಯುವುದು, ಬರೆಯುವುದು, ಬೆಂಕಿ ಹೊತ್ತಿಸುವುದು, ಹೊರೆ ಹೊರುವುದು ಇವುಗಳಲ್ಲಿ ಸೇರಿವೆ. ಅಡುಗೆ ಮಾಡುವಂತಿಲ್ಲವಾದ ಕಾರಣ ಶುಕ್ರವಾರವೇ ಬೇಯಿಸಿ ಸಣ್ಣ ಉರಿಯ ಮೇಲಿಟ್ಟ ಅಡುಗೆಯನ್ನು ಮರುದಿನ ಉಣ್ಣುತ್ತಾರೆ. ಈ ನಿಯಮಗಳನ್ನು ಬರಿಯ ಬಂಧನವೆಂದು ನಾವು ಎಣಿಸಬಾರದು. ಪ್ರಾಣಾಪಾಯದಲ್ಲಿರುವವರನ್ನು ಉಳಿಸಲು ಸಬ್ಬತ್ತಿನ ನಿಯಮವನ್ನು ಮೀರುವುದು ಅವರಲ್ಲಿ ಕರ್ತವ್ಯವೇ ಆಗಿದೆ. ಒಡೆಯನಿಗೂ ಆಳಿಗೂ, ಎತ್ತಿಗೂ ಕತ್ತೆಗೂ ಒಂದು ದಿನದ ಬಿಡುವು ಹಕ್ಕೆಂದು ಸಾರಿದ ಧರ್ಮಶಾಸ್ತ್ರ ಅದು. ಶನಿವಾರ ರಾತ್ರಿ ಹೆಣೆದ ಮೇಣದ ಬತ್ತಿಯನ್ನು ಹೊತ್ತಿಸಿ, ಲವಂಗ ಮೊದಲಾದ ಸುಗಂಧದ್ರವ್ಯಗಳ ಪುಟ್ಟ ಡಬ್ಬಿಯನ್ನು ಕೈಯಿಂದ ಕೈಗೆ ದಾಟಿಸಿ ಆಘ್ರಾಣಿಸುತ್ತಾ ಸಬ್ಬತ್ತನ್ನು ಬೀಳ್ಕೊಡುತ್ತಾರೆ.

ವರ್ಷದ ಹಬ್ಬಗಳು

ಹಬ್ಬಗಳಲ್ಲಿ ಮನೆಯಲ್ಲಿಯೇ ಮುಖ್ಯವಾಗಿ ಆಚರಿಸುವಂಥದು ಪಾಸ್ಕ. ಹಬ್ಬಕ್ಕೆ ಮುಂಚೆ ಮನೆಯನ್ನೆಲ್ಲ ಗುಡಿಸಿ ತೊಳೆದು, ಹಿಂದಿನ ರಾತ್ರಿ ಮೇಣದ ಬತ್ತಿ ಹಿಡಿದು ಮೂಲೆಮೂಲೆಯಲ್ಲೂ ಹುಳಿಹಿಟ್ಟಿನ ಚೂರುಗಳನ್ನು ಹುಡುಕಿ ಹೊರಹಾಕುತ್ತಾರೆ. ಮೊದಲ ರಾತ್ರಿಯ ವಿಧಿಬದ್ಧ ಭೋಜನಕ್ಕೆ 'ಸೇದೆರ್' ಎಂದು ಹೆಸರು. ಮೇಜಿನ ಮೇಲೆ ಹುಳಿಯಿಲ್ಲದ ರೊಟ್ಟಿ, ದಾಸ್ಯದ ಕಹಿಯನ್ನು ನೆನಪಿಸುವ ಕಹಿಸೊಪ್ಪು, ಇಟ್ಟಿಗೆಯ ಮಣ್ಣನ್ನು ಸೂಚಿಸುವ ಹಣ್ಣು ಬೀಜಗಳ ಸಿಹಿ ಮಿಶ್ರಣ, ಪಾಸ್ಕದ ಕುರಿಮರಿಯ ನೆನಪಿಗಾಗಿ ಸುಟ್ಟ ಮೂಳೆ, ಒಂದು ಮೊಟ್ಟೆ, ಉಪ್ಪುನೀರು ಇರುತ್ತವೆ. ಎಲ್ಲರೂ ನಾಲ್ಕು ಬಾರಿ ದ್ರಾಕ್ಷಾರಸ ಕುಡಿಯುತ್ತಾರೆ. ಪ್ರವಾದಿ ಎಲೀಯನಿಗಾಗಿ ಒಂದು ಪಾತ್ರೆಯನ್ನು ತುಂಬಿಸಿಟ್ಟು ಬಾಗಿಲು ತೆರೆಯುತ್ತಾರೆ.

ಆ ರಾತ್ರಿ ಮೊದಲು ಪ್ರಶ್ನೆ ಕೇಳುವ ಹಕ್ಕು ಮನೆಯ ಕಿರಿಯ ಮಗುವಿಗೆ. ಈ ರಾತ್ರಿ ಇತರ ರಾತ್ರಿಗಳಂತೆ ಏಕಿಲ್ಲವೆಂದು ಮಗು ಕೇಳುತ್ತದೆ. ಹಿರಿಯರು ಈಜಿಪ್ಟಿನ ದಾಸ್ಯದಿಂದ ಬಿಡುಗಡೆಯಾದ ಕಥೆಯನ್ನು ತಮ್ಮದೇ ಅನುಭವವೋ ಎಂಬಂತೆ ಹೇಳುತ್ತಾರೆ. ಧರ್ಮವನ್ನು ತಲೆಮಾರಿನಿಂದ ತಲೆಮಾರಿಗೆ ದಾಟಿಸುವ ಇದಕ್ಕಿಂತ ಸೊಗಸಾದ ಪಾಠಶಾಲೆಯನ್ನು ಕಾಣುವುದು ಕಷ್ಟ. ಯೇಸುಸ್ವಾಮಿ ಪರಮಪ್ರಸಾದವನ್ನು ಸ್ಥಾಪಿಸಿದ್ದು ಪಾಸ್ಕಹಬ್ಬದ ಸಮಯದಲ್ಲಿಯೇ. ಆದರೆ ಇಂದಿನ ಸೇದೆರ್ ವಿಧಿ ಬಹುಮಟ್ಟಿಗೆ ದೇವಾಲಯ ನಾಶವಾದ ಮೇಲೆ ರೂಪುಗೊಂಡದ್ದು. ಆದಕಾರಣ ಕಡೆಯ ಭೋಜನವನ್ನೂ ಇಂದಿನ ಸೇದೆರನ್ನೂ ಎಲ್ಲ ವಿವರಗಳಲ್ಲಿ ಒಂದೇ ಎಂದು ಹೇಳುವುದು ಸರಿಯಲ್ಲ.

ಪಾಸ್ಕದ ನಂತರ ಐವತ್ತನೆಯ ದಿನ ಸೀನಾಯ್ ಬೆಟ್ಟದಲ್ಲಿ ಧರ್ಮಶಾಸ್ತ್ರ ದೊರೆತದ್ದನ್ನು ಸ್ಮರಿಸುವ ಹಬ್ಬ. ಪವಿತ್ರಾತ್ಮರು ಪ್ರೇಷಿತರ ಮೇಲೆ ಇಳಿದುಬಂದ ಪಂಚಾಶತ್ತಮ ದಿನ ಇದೇ. ಶರತ್ಕಾಲದಲ್ಲಿ ಟಗರಿನ ಕೊಂಬನ್ನು ಊದಿ ಹೊಸ ವರ್ಷವನ್ನು ಬರಮಾಡಿಕೊಳ್ಳುತ್ತಾರೆ. ಹತ್ತನೆಯ ದಿನ ಪ್ರಾಯಶ್ಚಿತ್ತ ದಿನ, 'ಯೋಮ್ ಕಿಪ್ಪುರ್'. ಸುಮಾರು 25 ಗಂಟೆಗಳ ಕಾಲ ಅನ್ನವನ್ನಾಗಲಿ ನೀರನ್ನಾಗಲಿ ಮುಟ್ಟದೆ ಪ್ರಾರ್ಥಿಸುತ್ತಾರೆ. ಈ ದಿನ ದೇವರಿಗೆ ವಿರೋಧವಾಗಿ ಮಾಡಿದ ಪಾಪಗಳಿಗೆ ಪ್ರಾಯಶ್ಚಿತ್ತವಾಗುತ್ತದೆ. ನೆರೆಯವನಿಗೆ ಮಾಡಿದ ಅನ್ಯಾಯಕ್ಕಾದರೋ, ಆ ನೆರೆಯವನನ್ನು ಸಮಾಧಾನಪಡಿಸುವವರೆಗೆ ಪ್ರಾಯಶ್ಚಿತ್ತವಿಲ್ಲವೆಂದು ರಬ್ಬಿಗಳು ಕಲಿಸಿದರು. ಬಲಿಪೀಠದ ಬಳಿ ಕಾಣಿಕೆಯನ್ನು ಬಿಟ್ಟು ಮೊದಲು ಸಹೋದರನೊಡನೆ ರಾಜಿಯಾಗಬೇಕೆಂದು ನಮ್ಮ ಪ್ರಭು ಬೆಟ್ಟದ ಮೇಲೆ ಬೋಧಿಸಿದ್ದು ಇದೇ ಸತ್ಯವನ್ನು.

ಅನಂತರ ಬರುವ ಪರ್ಣಕುಟೀರಗಳ ಹಬ್ಬದಲ್ಲಿ ಏಳು ದಿನ ಸೊಪ್ಪುಸದೆ ಹೊದಿಸಿದ ಗುಡಿಸಲಿನಲ್ಲಿ ಉಣ್ಣುತ್ತಾರೆ. ಚಳಿಗಾಲದ 'ಹನುಕ್ಕ' ಹಬ್ಬದಲ್ಲಿ ಎಂಟು ರಾತ್ರಿ, ದಿನಕ್ಕೊಂದು ದೀಪವನ್ನು ಹೆಚ್ಚಿಸುತ್ತಾ ಬೆಳಗಿಸುತ್ತಾರೆ. ಹೊಲೆಗೆಡಿಸಲ್ಪಟ್ಟಿದ್ದ ದೇವಾಲಯವನ್ನು ಮಕ್ಕಬಿಯರು ಮತ್ತೆ ಪ್ರತಿಷ್ಠಿಸಿದ ಸ್ಮರಣೆ ಅದು. ಆ ಇತಿಹಾಸವನ್ನು ಹೇಳುವ ಮಕ್ಕಬಿಯರ ಗ್ರಂಥಗಳು ಯೆಹೂದ್ಯರ ಧರ್ಮಗ್ರಂಥದಲ್ಲಿಲ್ಲ. ಕಥೋಲಿಕರಾದ ನಮ್ಮ ಬೈಬಲಿನಲ್ಲಿವೆ. ಅವರ ಹಬ್ಬದ ಚರಿತ್ರೆಯನ್ನು ನಾವು ಕಾಪಾಡಿಕೊಂಡು ಬಂದಿದ್ದೇವೆ.

ಆಹಾರದ ನಿಯಮಗಳು

ಗೊರಸು ಸೀಳಿದ್ದು ಮೆಲುಕು ಹಾಕುವ ಪ್ರಾಣಿಗಳನ್ನು ಮಾತ್ರ ತಿನ್ನಬಹುದು. ದನ, ಕುರಿ, ಆಡು, ಜಿಂಕೆ ಸಲ್ಲುತ್ತವೆ. ಹಂದಿಯ ಗೊರಸು ಸೀಳಿದ್ದರೂ ಅದು ಮೆಲುಕು ಹಾಕುವುದಿಲ್ಲ; ಒಂಟೆ ಮೆಲುಕು ಹಾಕಿದರೂ ಅದರ ಗೊರಸು ಪೂರ್ಣವಾಗಿ ಸೀಳಿಲ್ಲ. ಇವೆರಡೂ ನಿಷಿದ್ಧ. ನೀರಿನಲ್ಲಿರುವವುಗಳಲ್ಲಿ ರೆಕ್ಕೆ ಮತ್ತು ಹುರುಪೆ ಎರಡೂ ಇರುವ ಮೀನು ಮಾತ್ರ ಶುದ್ಧ. ನಮ್ಮ ಹಬ್ಬದೂಟಗಳಿಗೆ ಮೆರುಗು ಕೊಡುವ ಸಿಗಡಿ, ಏಡಿ, ಹಂದಿಮಾಂಸ ಯಾವುದೂ ಅವರ ಮೇಜಿಗೆ ಬರುವಂತಿಲ್ಲ. ರಕ್ತ ಜೀವದ ಸಂಕೇತವಾದುದರಿಂದ ಅದನ್ನು ಸೇವಿಸುವಂತಿಲ್ಲ. ಬಲ್ಲವನು ಹರಿತವಾದ ಕತ್ತಿಯಿಂದ ಪ್ರಾಣಿಯನ್ನು ವಿಧಿಪೂರ್ವಕವಾಗಿ ಕೊಯ್ಯಬೇಕು. ಅನಂತರ ಮಾಂಸವನ್ನು ನೆನೆಸಿ, ಉಪ್ಪು ಹಾಕಿ ರಕ್ತವನ್ನು ಬಸಿಯಬೇಕು. ಮರಿಯನ್ನು ಅದರ ತಾಯಿಯ ಹಾಲಿನಲ್ಲಿ ಬೇಯಿಸಬಾರದೆಂಬ ಆಜ್ಞೆ ಪಂಚಗ್ರಂಥಗಳಲ್ಲಿ ಮೂರು ಬಾರಿ ಬರುತ್ತದೆ. ಇದರ ಆಧಾರದ ಮೇಲೆ ಮಾಂಸವನ್ನೂ ಹಾಲಿನ ಪದಾರ್ಥಗಳನ್ನೂ ಒಟ್ಟಿಗೆ ಬೇಯಿಸುವುದಿಲ್ಲ, ತಿನ್ನುವುದಿಲ್ಲ. ನಿಷ್ಠಾವಂತರ ಅಡುಗೆಮನೆಯಲ್ಲಿ ಇವೆರಡಕ್ಕೂ ಬೇರೆಬೇರೆ ಪಾತ್ರೆಗಳಿರುತ್ತವೆ.

ಪೇತ್ರರು ಯೊಪ್ಪದಲ್ಲಿ ಕಂಡ ದರ್ಶನವನ್ನೂ ಪ್ರೇಷಿತರು ಜೆರುಸಲೇಮಿನಲ್ಲಿ ಕೈಗೊಂಡ ತೀರ್ಮಾನವನ್ನೂ ಅನುಸರಿಸಿ ಧರ್ಮಸಭೆ ನಮ್ಮನ್ನು ಈ ನಿಯಮಗಳಿಗೆ ಬದ್ಧಗೊಳಿಸಿಲ್ಲ. ಹಾಗೆಂದು ಅವುಗಳನ್ನು ಹಾಸ್ಯ ಮಾಡುವುದು ನಮಗೆ ಶೋಭಿಸದು. ಹಂದಿಮಾಂಸವನ್ನು ತಿನ್ನಲೊಪ್ಪದೆ ಪ್ರಾಣಕೊಟ್ಟ ವೃದ್ಧ ಎಲಿಯಾಜರನನ್ನೂ ಏಳು ಮಂದಿ ಸಹೋದರರನ್ನೂ ಅವರ ತಾಯಿಯನ್ನೂ ನಮ್ಮ ಧರ್ಮಸಭೆ ಪ್ರಾಚೀನ ಕಾಲದಿಂದ ಆಗಸ್ಟ್ 1ರಂದು ಹುತಾತ್ಮರೆಂದು ಸ್ಮರಿಸಿದೆ. ಬಲಿಪೀಠವಿದ್ದಾಗ ಅದು ಪಾಪಪರಿಹಾರ ಮಾಡುತ್ತಿತ್ತು, ಈಗ ಮನುಷ್ಯನ ಊಟದ ಮೇಜೇ ಆ ಕಾರ್ಯ ಮಾಡುತ್ತದೆ ಎಂಬುದು ಪ್ರಾಚೀನ ರಬ್ಬಿಗಳ ಚಿಂತನೆ. ಬಡವನಿಗೆ ಆ ಮೇಜಿನಲ್ಲಿ ಪಾಲು ಸಿಗುತ್ತದೆಂಬುದು ಅದಕ್ಕೆ ಕಾರಣ. ಅಡುಗೆಯೂ ಊಟವೂ ಆರಾಧನೆಯಾದುದು ಹೀಗೆ.

ನಮ್ಮ ಕರಾವಳಿಯ ಸಾಕ್ಷ್ಯ

ಮನೆಯ ಆಚಾರ ಧರ್ಮವನ್ನು ಹೇಗೆ ಉಳಿಸುತ್ತದೆ ಎಂಬುದಕ್ಕೆ ದೂರದ ದೇಶಗಳಿಗೆ ಹೋಗಬೇಕಾಗಿಲ್ಲ. ಮಹಾರಾಷ್ಟ್ರದ ಕೊಂಕಣ ಕರಾವಳಿಯಲ್ಲಿ ಬೆನೆ ಇಸ್ರಯೇಲರೆಂಬ ಯೆಹೂದ್ಯ ಸಮುದಾಯವಿದೆ. ಅವರು ಶತಮಾನಗಳ ಕಾಲ ಹೊರಗಿನ ಯೆಹೂದ್ಯರ ಸಂಪರ್ಕವಿಲ್ಲದೆ, ರಬ್ಬಿಗಳಿಲ್ಲದೆ ಬಾಳಿದರು. ಹೀಬ್ರೂ ಭಾಷೆಯೂ ಮರೆತುಹೋಗಿತ್ತು. ಗಾಣದಿಂದ ಎಣ್ಣೆ ತೆಗೆಯುವುದು ಅವರ ಕಸುಬು. ಶನಿವಾರ ಗಾಣ ಹೂಡದಿದ್ದುದರಿಂದ ನೆರೆಯವರು ಅವರನ್ನು 'ಶನಿವಾರ ತೇಲಿ' ಎಂದು ಕರೆದರು. ಸಬ್ಬತ್, ಸುನ್ನತಿ, ಆಹಾರ ನಿಯಮ, ಶೆಮಾ ಪ್ರಾರ್ಥನೆ ಇಷ್ಟನ್ನು ಅವರು ಕೈಬಿಡಲಿಲ್ಲ. ಈ ಗುರುತುಗಳಿಂದಲೇ ಮುಂದೆ ಇತರ ಯೆಹೂದ್ಯರು ಅವರನ್ನು ತಮ್ಮವರೆಂದು ಗುರುತಿಸಿದರು. ಶುಭಕಾರ್ಯಗಳಲ್ಲಿ ಅವರು ಪ್ರವಾದಿ ಎಲೀಯನನ್ನು ಸ್ಮರಿಸಿ, ಅವಲಕ್ಕಿ, ತೆಂಗಿನತುರಿ, ಸಕ್ಕರೆ, ಹಣ್ಣುಗಳನ್ನು ಬೆರೆಸಿದ 'ಮಲಿದಾ'ವನ್ನು ಹಂಚುತ್ತಾರೆ. ಮಾಂಸದ ಸಾರಿಗೆ ಮೊಸರು ಸೇರಿಸುವಂತಿಲ್ಲವಾದುದರಿಂದ ತೆಂಗಿನ ಹಾಲನ್ನು ಬಳಸುತ್ತಾರೆ. ಮುಂಬಯಿಯಲ್ಲಿ ಅವರ ಮೊದಲ ಪ್ರಾರ್ಥನಾಮಂದಿರ ಕಟ್ಟಲ್ಪಟ್ಟದ್ದು 1796ರಲ್ಲಿ. ಅಂದರೆ ಅವರ ಮನೆಗಳು ಮಂದಿರಕ್ಕಿಂತ ಎಷ್ಟೋ ಹಿಂದಿನಿಂದ ಧರ್ಮವನ್ನು ಹೊತ್ತುಕೊಂಡು ಬಂದಿದ್ದವು.

ಕೊಚ್ಚಿಯ ಪರದೇಶಿ ಪ್ರಾರ್ಥನಾಮಂದಿರ 1568ರದು. 1948ರಲ್ಲಿ ಇಸ್ರಯೇಲ್ ರಾಷ್ಟ್ರ ಸ್ಥಾಪನೆಯಾದ ಮೇಲೆ ಅಲ್ಲಿನ ಯೆಹೂದ್ಯರಲ್ಲಿ ಬಹುಪಾಲು ಮಂದಿ ಅಲ್ಲಿಗೆ ವಲಸೆ ಹೋದರು. ನಮ್ಮ ಮಂಗಳೂರಿಗೂ ಈ ಜನಾಂಗದ ನಂಟಿದೆ. ದೇವರ ನಾಮವಿರಬಹುದಾದ ಬರಹವನ್ನು ಸುಡಬಾರದು, ಹರಿದೆಸೆಯಬಾರದು ಎಂಬುದು ಯೆಹೂದ್ಯರ ನಿಯಮ. ಹಳೆಯ ಕಾಗದಗಳನ್ನೆಲ್ಲ ಮಂದಿರದ ಒಂದು ಕೋಣೆಯಲ್ಲಿ ಕೂಡಿಡುತ್ತಾರೆ. ಕೈರೋ ನಗರದ ಬೆನ್ ಎಜ್ರಾ ಮಂದಿರದ ಇಂತಹ ಕೋಣೆಯಲ್ಲಿ ದೊರೆತ ಪತ್ರಗಳಿಂದ, 12ನೇ ಶತಮಾನದಲ್ಲಿ ಮಂಗಳೂರಿನಲ್ಲಿ ನೆಲೆಸಿದ್ದ ಅಬ್ರಹಾಂ ಬೆನ್ ಯಿಜು ಎಂಬ ಯೆಹೂದ್ಯ ವರ್ತಕನ ವೃತ್ತಾಂತ ತಿಳಿದುಬಂದಿದೆ. ಆತ ಆಶು ಎಂಬ ಸ್ಥಳೀಯ ದಾಸಿಯನ್ನು ಬಿಡುಗಡೆಗೊಳಿಸಿ ಬರೆದ ಪತ್ರ 1132ರದು. ಆತನ ವ್ಯಾಪಾರದಲ್ಲಿ ನೆರವಾಗುತ್ತಿದ್ದ ಸೇವಕ ಬೊಮ್ಮನ ಹೆಸರೂ ಆ ಪತ್ರಗಳಲ್ಲಿದೆ. ಅಕ್ಷರವನ್ನು ಪವಿತ್ರವೆಂದು ಕಂಡ ಒಂದು ಆಚಾರದಿಂದ ನಮ್ಮ ಕರಾವಳಿಯ ಸಾಮಾನ್ಯರ ಹೆಸರುಗಳು ಎಂಟುನೂರು ವರ್ಷಗಳಿಗೂ ಮಿಕ್ಕಿ ಉಳಿದುಬಂದವು.

ನಮ್ಮ ಹೊಣೆ

ಪ್ರಿಯರೇ, ಈ ಜನಾಂಗದೊಡನೆ ಕ್ರೈಸ್ತರು ನಡೆದುಕೊಂಡ ರೀತಿ ಹಲವು ಶತಮಾನಗಳ ಕಾಲ ಕ್ರಿಸ್ತನಿಗೆ ಒಪ್ಪುವಂತಹುದಾಗಿರಲಿಲ್ಲ. ಶುಭಶುಕ್ರವಾರದ ಪ್ರಾರ್ಥನೆಯಲ್ಲಿ ಯೆಹೂದ್ಯರನ್ನು ವಿಶ್ವಾಸಹೀನರೆಂದು ಕರೆಯುತ್ತಿದ್ದ ಪದವನ್ನು ಜಗದ್ಗುರು ಇಪ್ಪತ್ತಮೂರನೇ ಜಾನರು 1959ರಲ್ಲಿ ತೆಗೆಸಿದರು. ಅಷ್ಟರಲ್ಲಿ ಯೂರೋಪಿನಲ್ಲಿ ನಾತ್ಸಿಗಳು ಸುಮಾರು 60 ಲಕ್ಷ ಯೆಹೂದ್ಯರನ್ನು ಕೊಂದಾಗಿತ್ತು. ದ್ವಿತೀಯ ವ್ಯಾಟಿಕನ್ ಮಹಾಸಭೆ 1965ರ ಅಕ್ಟೋಬರ್ 28ರಂದು ಪ್ರಕಟಿಸಿದ 'ನೋಸ್ತ್ರ ಎತಾತೆ' ಘೋಷಣೆಯಲ್ಲಿ, ಕ್ರಿಸ್ತನ ಮರಣದ ಅಪರಾಧವನ್ನು ಅಂದಿನ ಎಲ್ಲ ಯೆಹೂದ್ಯರ ಮೇಲಾಗಲಿ ಇಂದಿನವರ ಮೇಲಾಗಲಿ ಹೊರಿಸಕೂಡದೆಂದು ಸಾರಿತು. 1986ರ ಏಪ್ರಿಲ್ 13ರಂದು ಜಗದ್ಗುರು ಎರಡನೇ ಜಾನ್ ಪೌಲರು ರೋಮಿನ ಮಹಾ ಪ್ರಾರ್ಥನಾಮಂದಿರಕ್ಕೆ ಭೇಟಿಯಿತ್ತು ಯೆಹೂದ್ಯರನ್ನು ನಮ್ಮ ಹಿರಿಯ ಸಹೋದರರೆಂದು ಗೌರವಿಸಿದರು. ಕಾಡು ಓಲಿವ್ ಕೊಂಬೆಗಳಾದ ನಾವು ಬೇರನ್ನು ಹೊತ್ತಿಲ್ಲ, ಬೇರೇ ನಮ್ಮನ್ನು ಹೊತ್ತಿದೆ ಎಂದು ಸಂತ ಪೌಲರು ರೋಮನರಿಗೆ ಬರೆದದ್ದನ್ನು ನಾವು ಮರೆಯಬಾರದು.

ಆದುದರಿಂದ ಮೂರು ವಿನಂತಿಗಳನ್ನು ನಿಮ್ಮ ಮುಂದಿಡುತ್ತೇನೆ. ಧರ್ಮೋಪದೇಶದ ತರಗತಿಯಲ್ಲಿಯೂ ತಪಸ್ಸುಕಾಲದ ಪಾಡಿನ ನಾಟಕಗಳಲ್ಲಿಯೂ ಯೆಹೂದ್ಯರನ್ನು ಖಳರೆಂಬಂತೆ ಚಿತ್ರಿಸುವುದು ಬೇಡ. ಯೇಸು, ಮರಿಯ, ಪೇತ್ರ, ಪೌಲ ಎಲ್ಲರೂ ಆ ಜನರೇ ಎಂದು ಮಕ್ಕಳಿಗೆ ತಿಳಿಸಿರಿ. ಎರಡನೆಯದಾಗಿ, ಹಳೆಯ ಒಡಂಬಡಿಕೆಯನ್ನು ಮುಗಿದುಹೋದ ಕಥೆಯೆಂದು ಬದಿಗಿಡದೆ ಓದಿರಿ. ಅದನ್ನು ಇಂದಿಗೂ ಬಾಳುತ್ತಿರುವ ಜನರು ಲೋಕದಲ್ಲಿದ್ದಾರೆ.

ಮೂರನೆಯದು ನಮ್ಮ ಮನೆಗಳಿಗೆ ಸಂಬಂಧಿಸಿದ್ದು. ನೂರು ವರ್ಷಗಳ ಹಿಂದೆ ಈ ದೇವಾಲಯಕ್ಕೆ ಕಲ್ಲು ಹೊತ್ತ ಹಿರಿಯರ ಮನೆಗಳಲ್ಲಿ ಸಂಜೆ ದೀಪ ಹೊತ್ತಿಸಿದೊಡನೆ ಜಪಸರದ ಪ್ರಾರ್ಥನೆ ನಡೆಯುತ್ತಿತ್ತು. ಪ್ರಾರ್ಥನೆ ಮುಗಿದ ಮೇಲೆ ಮಕ್ಕಳು ಹಿರಿಯರಿಂದ ಆಶೀರ್ವಾದ ಬೇಡುತ್ತಿದ್ದರು. ಇಂದು ದೇವಾಲಯ ಭವ್ಯವಾಗಿದೆ. ಮನೆಯ ಪ್ರಾರ್ಥನೆಯಾದರೋ ಹಲವೆಡೆ ನಿಂತಿದೆ. ಆಲಯವನ್ನು ಕಳೆದುಕೊಂಡ ಜನರು ಮನೆಯಲ್ಲಿ ಧರ್ಮವನ್ನು ಉಳಿಸಿಕೊಂಡರು. ಆಲಯವಿರುವ ನಾವು ಮನೆಯಲ್ಲಿ ಅದನ್ನು ಕಳೆದುಕೊಳ್ಳಬಾರದು. ವಾರಕ್ಕೊಂದು ರಾತ್ರಿಯಾದರೂ ಮನೆಯವರೆಲ್ಲ ಒಂದೇ ಮೇಜಿನ ಸುತ್ತ ಕುಳಿತು, ಉಣ್ಣುವ ಮುನ್ನ ದೇವರನ್ನು ಸ್ತುತಿಸಿ, ಮಕ್ಕಳ ಪ್ರಶ್ನೆಗಳಿಗೆ ತಾಳ್ಮೆಯಿಂದ ಉತ್ತರ ಹೇಳೋಣ. ಆಗ ಈ ದೇವಾಲಯದ ಎರಡನೆಯ ಶತಮಾನಕ್ಕೆ ಭದ್ರವಾದ ಅಡಿಗಲ್ಲು ಬಿದ್ದಂತಾಗುತ್ತದೆ.

ಅಬ್ರಹಾಮ, ಇಸಾಕ, ಯಕೋಬರ ದೇವರೂ ನಮ್ಮ ಪ್ರಭು ಯೇಸುಕ್ರಿಸ್ತರ ಪಿತನೂ ಆದ ಪರಮಾತ್ಮರು ನಿಮ್ಮನ್ನೂ ನಿಮ್ಮ ಮನೆತನಗಳನ್ನೂ ಆಶೀರ್ವದಿಸಲಿ.